ಪುಟ ಸಿದ್ಧವಾಗಬೇಕಾದದ್ದು ಎಲ್ಲಿ?

2010ರ ಆಸುಪಾಸಿನ ಕಡಿಮೆ ಬೆಲೆಯ ಫೋನುಗಳಲ್ಲಿ ಕನ್ನಡದ ಜಾಲತಾಣ ತೆರೆದರೆ ಅಕ್ಷರಗಳ ಜಾಗದಲ್ಲಿ ಸಾಲುಸಾಲು ಚೌಕಗಳು ಕಾಣುತ್ತಿದ್ದವು. ಫೋನಿನಲ್ಲಿ ಕನ್ನಡದ ಫಾಂಟ್ ಇರುತ್ತಿರಲಿಲ್ಲ. ಒತ್ತಕ್ಷರ, ಗುಣಿತಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ತಂತ್ರಾಂಶವಂತೂ ದೂರದ ಮಾತು. ಆಗ ಬಲ್ಲವರು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದ ಉಪಾಯವೊಂದಿತ್ತು. ಒಪೆರಾ ಮಿನಿ ಎಂಬ ಪುಟ್ಟ ಬ್ರೌಸರ್ ಹಾಕಿಕೊಳ್ಳಿ. ವಿಳಾಸ ಬರೆಯುವ ಕಡೆ ‘ಒಪೆರಾ:ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಬರುವ ಪಟ್ಟಿಯಲ್ಲಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಎಂಬ ಸಾಲಿಗೆ ‘ಯೆಸ್’ ಕೊಟ್ಟು ಸೇವ್ ಮಾಡಿ. ಮತ್ತೆ ಅದೇ ತಾಣಕ್ಕೆ ಹೋದರೆ ಚೌಕಗಳಿದ್ದ ಕಡೆಯೆಲ್ಲ ಕನ್ನಡ. ಎಷ್ಟೋ ಜನ ಮೊಬೈಲಿನಲ್ಲಿ ಕನ್ನಡವನ್ನು ಮೊದಲ ಸಲ ಓದಿದ್ದು ಹೀಗೆ.

ಅದರಿಂದ ಫೋನಿಗೇನೂ ಕನ್ನಡ ಬಂದಿರಲಿಲ್ಲ. ನಾರ್ವೆಯ ಒಪೆರಾ ಕಂಪನಿ 2005ರಲ್ಲಿ ತನ್ನ ದೇಶದಲ್ಲಿ ಪ್ರಯೋಗ ಮಾಡಿ, 2006ರ ಜನವರಿಯಲ್ಲಿ ಜಗತ್ತಿಗೆಲ್ಲ ಬಿಡುಗಡೆ ಮಾಡಿದ ಈ ಬ್ರೌಸರ್ ಕೆಲಸ ಮಾಡುತ್ತಿದ್ದ ರೀತಿಯೇ ಬೇರೆ. ನಾವು ಕೇಳಿದ ಪುಟವನ್ನು ಮೊದಲು ಒಪೆರಾದ ಸರ್ವರ್ ತರಿಸಿಕೊಳ್ಳುತ್ತಿತ್ತು. ಅಲ್ಲೇ ಬಿಡಿಸಿ, ಜೋಡಿಸಿ, ಚಿತ್ರಗಳನ್ನು ಕುಗ್ಗಿಸಿ, ಕೆಲವೊಮ್ಮೆ ಮೂಲ ಗಾತ್ರದ ಹತ್ತನೇ ಒಂದು ಭಾಗಕ್ಕೆ ಇಳಿಸಿ ಫೋನಿಗೆ ಕಳಿಸುತ್ತಿತ್ತು. ಬಿಟ್‌ಮ್ಯಾಪ್ ಆಯ್ಕೆ ಕೊಟ್ಟವರಿಗೆ ಕನ್ನಡದ ಅಕ್ಷರಗಳನ್ನೂ ಅಲ್ಲೇ ಚಿತ್ರವಾಗಿ ಮೂಡಿಸಿ ರವಾನಿಸುತ್ತಿತ್ತು. ಬಂದದ್ದನ್ನು ತೆರೆಯ ಮೇಲೆ ಇಡುವುದಷ್ಟೇ ಫೋನಿನ ಪಾಲಿನ ಕೆಲಸ. 2ಜಿ ಕಾಲದಲ್ಲಿ, ಕೆಬಿ ಲೆಕ್ಕದಲ್ಲಿ ದುಡ್ಡು ತೆರುತ್ತಿದ್ದ ಜನಕ್ಕೆ ಅದು ದೊಡ್ಡ ಉಪಕಾರ.

ಅದೇ ವ್ಯವಸ್ಥೆಗೆ ಮಿತಿಗಳೂ ಇದ್ದವು. ಪುಟವನ್ನು ಬಿಡಿಸುವುದು ನಡುವಿನ ಸರ್ವರ್ ಆದ್ದರಿಂದ ಬ್ಯಾಂಕಿನ ಪುಟವೂ ಅಲ್ಲಿ ಬಿಚ್ಚಿಕೊಳ್ಳಲೇಬೇಕಿತ್ತು. ನಮ್ಮ ಪಾಸ್‌ವರ್ಡ್ ನಮ್ಮ ಮತ್ತು ಬ್ಯಾಂಕಿನ ನಡುವೆಯಷ್ಟೇ ಉಳಿಯುತ್ತಿರಲಿಲ್ಲ. ಪುಟದ ಜಾವಾಸ್ಕ್ರಿಪ್ಟ್ ಓಡುತ್ತಿದ್ದುದೂ ಸರ್ವರಿನಲ್ಲೇ, ಅದೂ ಕೆಲವೇ ಸೆಕೆಂಡು. ಪಟ್ಟಿಯೊಂದನ್ನು ತೆರೆಯಲು ಬೆರಳಿಟ್ಟರೂ ಆ ಸುದ್ದಿ ಅಲ್ಲಿಗೆ ಹೋಗಿ ಉತ್ತರ ಬರಬೇಕು. ಕ್ರಿಕೆಟ್ ಸ್ಕೋರು ತಾನಾಗಿ ಬದಲಾಗುತ್ತಿರಲಿಲ್ಲ, ನಾವೇ ಮತ್ತೆ ಮತ್ತೆ ರಿಫ್ರೆಶ್ ಒತ್ತಬೇಕಿತ್ತು.

ಪುಟವನ್ನು ಓದುಗರ ಮುಂದೆ ಇಡುವ ಕೆಲಸವನ್ನು ದೂರದ ಸರ್ವರ್ ಮಾಡಬೇಕೋ, ಕೈಯಲ್ಲಿರುವ ಸಾಧನ ಮಾಡಬೇಕೋ ಎಂಬುದು ವೆಬ್ ಕಟ್ಟುವವರು ಮೂವತ್ತು ವರ್ಷಗಳಿಂದ ಎಳೆದಾಡುತ್ತಿರುವ ಪ್ರಶ್ನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಓದುವುದಕ್ಕಾಗಿ ಇರುವ ಪುಟ ಸರ್ವರಿನಲ್ಲೇ ಸಿದ್ಧವಾಗಿ ಬರಬೇಕು. ಬೆರಳಿನ ವೇಗಕ್ಕೆ ಸ್ಪಂದಿಸಬೇಕಾದ ಕೆಲಸ ಮಾತ್ರ ಬ್ರೌಸರಿಗೆ ಸೇರಬೇಕು. ಇವತ್ತು ನಮ್ಮಲ್ಲಿ ಕಟ್ಟುತ್ತಿರುವ ಬಹಳಷ್ಟು ತಾಣಗಳು ಇದನ್ನು ತಿರುಗಾಮುರುಗಾ ಮಾಡಿಕೊಂಡಿವೆ, ಅದರ ಭಾರ ಬೀಳುತ್ತಿರುವುದು ಅಗ್ಗದ ಫೋನು ಹಿಡಿದವರ ಮೇಲೆ.

ಹೋಗಿ ಬಂದ ದಾರಿ

ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ವೆಬ್ ರೂಪಿಸಿದಾಗ ಈ ಪ್ರಶ್ನೆಯೇ ಇರಲಿಲ್ಲ. ಪುಟವೆಂದರೆ ಸರ್ವರಿನಲ್ಲಿ ಇಟ್ಟ ಕಡತ. ಕೇಳಿದವರಿಗೆ ಅದರ ಪ್ರತಿ ಹೋಗುತ್ತಿತ್ತು. 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯವರು ಸಿಜಿಐ ಎಂಬ ಏರ್ಪಾಡು ತಂದ ಮೇಲೆ, ಕೇಳಿದಾಗ ಸರ್ವರ್ ಒಂದು ಪ್ರೋಗ್ರಾಮ್ ಓಡಿಸಿ ಆ ಕ್ಷಣಕ್ಕೆ ಬೇಕಾದ ಪುಟವನ್ನು ಹೆಣೆದು ಕೊಡುವಂತಾಯಿತು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರತಂದ ಪಿಎಚ್‌ಪಿ ಈ ಕೆಲಸವನ್ನು ಸಾಮಾನ್ಯ ಪ್ರೋಗ್ರಾಮರ್ ಕೈಗೂ ಎಟುಕಿಸಿತು. ಲೈಬ್ರರಿಯ ಪುಸ್ತಕ ಪಟ್ಟಿ, ರೈಲಿನ ವೇಳಾಪಟ್ಟಿ, ಅಂಕಪಟ್ಟಿ ಎಲ್ಲವೂ ಡೇಟಾಬೇಸಿನಿಂದ ಎದ್ದು ಪುಟವಾಗಿ ಬರತೊಡಗಿದವು.

ಅದೇ 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದರು. ಅದರ ಆರಂಭದ ಕೆಲಸ ಸಣ್ಣದು: ಅರ್ಜಿಯಲ್ಲಿ ಖಾಲಿ ಬಿಟ್ಟ ಜಾಗವನ್ನು ಸರ್ವರಿಗೆ ಹೋಗುವ ಮುನ್ನ ಎತ್ತಿ ತೋರಿಸುವುದು, ಅಂಥವು. ಬ್ರೌಸರೇ ಯಜಮಾನನಾಗುವ ದಾರಿ ತೆರೆದದ್ದು 1999ರಲ್ಲಿ. ಮೈಕ್ರೋಸಾಫ್ಟಿನವರು ಔಟ್‌ಲುಕ್ ಮೇಲನ್ನು ಬ್ರೌಸರಿನಲ್ಲಿ ತೋರಿಸಲು, ಇಡೀ ಪುಟವನ್ನು ಮತ್ತೆ ತರಿಸದೆ ಹೊಸ ಮಾಹಿತಿಯನ್ನಷ್ಟೇ ಹಿನ್ನೆಲೆಯಲ್ಲಿ ತರಿಸುವ ಸೌಲಭ್ಯವೊಂದನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಸೇರಿಸಿದರು. ಅದರ ಶಕ್ತಿ ಜಗತ್ತಿಗೆ ಅರಿವಾದದ್ದು 2004ರ ಏಪ್ರಿಲಿನಲ್ಲಿ ಬಂದ ಜಿಮೇಲ್, 2005ರ ಫೆಬ್ರುವರಿಯಲ್ಲಿ ಬಂದ ಗೂಗಲ್ ಮ್ಯಾಪ್ಸ್ ನೋಡಿದಾಗ. ನಕ್ಷೆಯನ್ನು ಮೌಸಿನಿಂದ ಹಿಡಿದು ಎಳೆದರೆ ಅದು ಜರುಗುತ್ತಿತ್ತು! ಅಲ್ಲಿಯವರೆಗೆ ಬಾಣದ ಗುರುತು ಒತ್ತಿ, ಇಡೀ ಪುಟ ಬಿಳಿಯಾಗಿ ಮತ್ತೆ ಮೂಡುವವರೆಗೆ ಕಾಯುವುದೇ ನಕ್ಷೆ ನೋಡುವ ಪದ್ಧತಿಯಾಗಿತ್ತು. ಅದೇ ತಿಂಗಳು ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ಅಜಾಕ್ಸ್ ಎಂದು ಹೆಸರಿಟ್ಟರು.

ಆಮೇಲಿನದು ಓಟ. 2008ರಲ್ಲಿ ಬಂದ ಕ್ರೋಮ್ ಬ್ರೌಸರ್ ಜಾವಾಸ್ಕ್ರಿಪ್ಟಿಗೆ ಹೊಸ ವೇಗ ಕೊಟ್ಟಿತು. ಬ್ರೌಸರಿನಲ್ಲೇ ಪುಟ ಕಟ್ಟುವ ಆಂಗ್ಯುಲರ್, ರಿಯಾಕ್ಟ್, ವ್ಯೂ ಎಂಬ ಜಾವಾಸ್ಕ್ರಿಪ್ಟ್ ಸಲಕರಣೆಗಳು ಒಂದರ ಹಿಂದೊಂದು ಬಂದವು. ಸರ್ವರ್ ಪುಟ ಹೆಣೆಯುವುದನ್ನು ಬಿಟ್ಟು ಬರೀ ಮಾಹಿತಿ ಕೊಡುವ ಗೋದಾಮಾಯಿತು. ಪುಟ ಕಟ್ಟುವ ಹೊಣೆ ಪೂರ್ತಿ ಬ್ರೌಸರಿನ ತಲೆಗೆ ಬಂತು.

ಈ ಓಟದಲ್ಲಿ ಮೊದಲು ನಿಂತು ಹಿಂದಿರುಗಿ ನೋಡಿದವರಲ್ಲಿ ಟ್ವಿಟರ್ ಒಂದು. 2010ರ ಸೆಪ್ಟೆಂಬರಿನಲ್ಲಿ ಅದು ತನ್ನ ತಾಣವನ್ನು ಪೂರ್ತಿ ಬ್ರೌಸರಿನಲ್ಲಿ ಕಟ್ಟುವ ವಿಧಾನಕ್ಕೆ ಬದಲಾಯಿಸಿತು. ಆಗಿನ ಕೊಂಡಿಗಳ ನಡುವೆ ಒಂದು ಹ್ಯಾಶ್ ಗುರುತು, ಒಂದು ಆಶ್ಚರ್ಯಸೂಚಕ ಇರುತ್ತಿದ್ದುದು ಹಲವರಿಗೆ ನೆನಪಿರಬಹುದು. ವಿಳಾಸದಲ್ಲಿ ಹ್ಯಾಶ್ ಗುರುತಿನ ನಂತರದ ಭಾಗವನ್ನು ಬ್ರೌಸರ್ ಸರ್ವರಿಗೆ ಕಳಿಸುವುದೇ ಇಲ್ಲ, ಅದು ವೆಬ್‌ನ ಮೂಲ ನಿಯಮ. ಹಾಗಾಗಿ ಯಾವ ಟ್ವೀಟ್ ಬೇಕೆಂದು ಸರ್ವರಿಗೆ ತಿಳಿಯುತ್ತಿರಲಿಲ್ಲ. ಖಾಲಿ ಚೌಕಟ್ಟು ಬಂದು, ಅದರ ಹಿಂದೆ ದೊಡ್ಡ ಸ್ಕ್ರಿಪ್ಟ್ ಬಂದು, ಅದು ಓಡಿ, ವಿಳಾಸ ಓದಿ, ಮತ್ತೆ ಸರ್ವರಿಗೆ ಕೇಳಿ, ಕೊನೆಗೆ ಒಂದೆರಡು ಸಾಲಿನ ಸಂದೇಶ ಕಾಣಬೇಕು. ನೂರ ನಲವತ್ತು ಅಕ್ಷರ ಓದಲು ಇಷ್ಟೆಲ್ಲ! 2012ರ ಮೇ ತಿಂಗಳಲ್ಲಿ ಟ್ವಿಟರ್ ಎಂಜಿನಿಯರುಗಳು ಪುಟವನ್ನು ಮತ್ತೆ ಸರ್ವರಿನಲ್ಲೇ ಸಿದ್ಧಪಡಿಸತೊಡಗಿದರು. ಪುಟ ತೆರೆಯುವ ಸಮಯ ಹಿಂದಿನದರ ಐದನೇ ಒಂದು ಭಾಗಕ್ಕೆ ಇಳಿಯಿತೆಂದು ಅವರೇ ಪ್ರಕಟಿಸಿದರು.

ಈ ಪಾಠ ಹದಿಮೂರು ವರ್ಷಕ್ಕೂ ಹಳೆಯದು. ಹಾಗಿದ್ದೂ ಅದೇ ತಪ್ಪು ಇಂದಿಗೂ ಹೊಸ ಹೆಸರುಗಳಲ್ಲಿ ನಡೆಯುತ್ತಿದೆ.

ದೂರ ಮತ್ತು ಪ್ರೊಸೆಸರು

ಬ್ರೌಸರಿನ ಪರ ವಾದಿಸುವವರ ಬಳಿ ಗಟ್ಟಿಯಾದ ಕಾರಣವೊಂದಿದೆ, ಅದನ್ನು ತಳ್ಳಿಹಾಕಲಾಗದು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಸರ್ವರ್ ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದು ನೀವು ಬೆಂಗಳೂರಿನಲ್ಲಿದ್ದರೆ ನಡುವಿನ ದೂರ ನೇರವಾಗಿ ಅಳೆದರೂ 14,000 ಕಿ.ಮೀ. ಹತ್ತಿರ. ಹೋಗಿ ಬರಲು ಬೆಳಕಿಗೇ 140 ಮಿಲಿಸೆಕೆಂಡು ಬೇಕು, ಕೇಬಲ್ಲಿನ ಸುತ್ತುದಾರಿಯಲ್ಲಿ ಇನ್ನೂ ಹೆಚ್ಚು. ಪ್ರತಿ ಕೀಲಿ ಒತ್ತಿದಾಗಲೂ ಇಷ್ಟು ಕಾಯುವಂತಾದರೆ ಯಾರೂ ಏನನ್ನೂ ಬರೆಯಲಾರರು. ನಕ್ಷೆ ಎಳೆಯುವುದು, ಚಿತ್ರ ತಿದ್ದುವುದು, ಬರಹ ಟೈಪ್ ಮಾಡುವುದು ಇವೆಲ್ಲ ನಮ್ಮ ಕೈಯಲ್ಲಿರುವ ಯಂತ್ರದಲ್ಲೇ ನಡೆಯಬೇಕು. 2016ರಲ್ಲಿ ಅಮೆಜಾನ್ ಮುಂಬೈಯಲ್ಲಿ ತನ್ನ ಕ್ಲೌಡ್ ಕೇಂದ್ರ ತೆರೆದ ಮೇಲೆ ನಮ್ಮ ತಾಣಗಳ ಸರ್ವರುಗಳು ಹತ್ತಿರ ಬಂದಿವೆ, ಆದರೂ ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋದಾಗ ಮುಂಬೈಯೂ ದೂರವೇ.

ನೆಟ್‌ವರ್ಕ್ ಇಲ್ಲದ ಹೊತ್ತಿಗೂ ಬ್ರೌಸರ್ ಕೈಹಿಡಿಯುವಂತೆ ಮಾಡಬಹುದೆಂದು ದೊಡ್ಡ ಮಟ್ಟದಲ್ಲಿ ತೋರಿಸಿದ್ದು ಬೆಂಗಳೂರಿನ ಫ್ಲಿಪ್‌ಕಾರ್ಟ್. 2015ರಲ್ಲಿ ಇಲ್ಲಿನ ಆನ್‌ಲೈನ್ ಅಂಗಡಿಗಳಿಗೆ ಆ್ಯಪ್ ಹುಚ್ಚು ಹಿಡಿದಿತ್ತು. ಮಿಂತ್ರಾ ಆ ವರ್ಷದ ಮೇ ತಿಂಗಳಲ್ಲಿ ಜಾಲತಾಣವನ್ನೇ ಮುಚ್ಚಿ ಆ್ಯಪ್ ಒಂದನ್ನೇ ಉಳಿಸಿಕೊಂಡಿತು, ಮರುವರ್ಷ ಮತ್ತೆ ತೆರೆಯಿತು. ಫ್ಲಿಪ್‌ಕಾರ್ಟ್ ಕೂಡ ತನ್ನ ಮೊಬೈಲ್ ತಾಣವನ್ನು ಮುಚ್ಚಿತ್ತು. ಅದೇ ನವೆಂಬರಿನಲ್ಲಿ ಕ್ರೋಮ್ ತಂಡದೊಡನೆ ಸೇರಿ ಫ್ಲಿಪ್‌ಕಾರ್ಟ್ ಲೈಟ್ ಹೊರತಂದಿತು. ತಾಣದ ಚೌಕಟ್ಟನ್ನೂ ಒಮ್ಮೆ ನೋಡಿದ ಪುಟಗಳನ್ನೂ ಸರ್ವೀಸ್ ವರ್ಕರ್ ಎಂಬ ಸ್ಕ್ರಿಪ್ಟ್ ಫೋನಿನಲ್ಲೇ ಇಟ್ಟುಕೊಂಡು, ನೆಟ್‌ವರ್ಕ್ ಕಡಿದಾಗ ತಾನೇ ಉತ್ತರ ಕೊಡುತ್ತಿತ್ತು. ಗೂಗಲ್ ಪ್ರಕಟಿಸಿದ ವಿವರದ ಪ್ರಕಾರ ಲೈಟ್ ಬಳಸಿದವರಲ್ಲಿ ಶೇ 63ರಷ್ಟು ಜನ 2ಜಿಯಲ್ಲಿದ್ದರು. ಜನ ತಾಣದಲ್ಲಿ ಉಳಿಯುವ ಸಮಯ 70 ಸೆಕೆಂಡಿನಿಂದ ಮೂರೂವರೆ ನಿಮಿಷಕ್ಕೆ ಏರಿತು. ಬ್ರೌಸರಿಗೆ ಕೊಟ್ಟ ಕೆಲಸ ಅಲ್ಲಿ ಬಡ ನೆಟ್‌ವರ್ಕಿನವರ ಪರವಾಗಿ ನಿಂತಿತು. ಬ್ರೌಸರಿನ ಬಲವನ್ನು ಬಳಸಬೇಕಾದದ್ದು ಹೀಗೆ ಎಂದು ನಾನು ಇಂದಿಗೂ ಅದನ್ನೇ ಉದಾಹರಣೆಯಾಗಿ ಕೊಡುತ್ತೇನೆ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಡೆವಲಪರುಗಳಲ್ಲಿ ಒಂದು ನಂಬಿಕೆ ಬೆಳೆಯಿತು: ಇನ್ನು ಪುಟದ ತೂಕ ನೋಡಬೇಕಿಲ್ಲ. ಇದು ಅರ್ಧ ನಿಜ. ಸ್ಕ್ರಿಪ್ಟ್ ಇಳಿದರೆ ಸಾಲದು, ಅದನ್ನು ಓದಿ, ಅರ್ಥ ಮಾಡಿಕೊಂಡು, ಓಡಿಸುವ ಕೆಲಸ ಫೋನಿನ ಪ್ರೊಸೆಸರಿನದು. ಏಳೆಂಟು ಸಾವಿರ ರೂಪಾಯಿಯ ಫೋನಿಗೂ ಡೆವಲಪರ್ ಎದುರಿಗಿರುವ ಲ್ಯಾಪ್‌ಟಾಪಿಗೂ ಈ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದು ಇಲ್ಲಿ ಹಲವು ಸೆಕೆಂಡು ಹಿಡಿಯುತ್ತದೆ, ಫೋನು ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಸರ್ವರಿನಿಂದ ಸಿದ್ಧ ಪುಟ ಕಳಿಸಿ, ಅದೇ ಪುಟವನ್ನು ಬ್ರೌಸರಿನಲ್ಲಿ ಮತ್ತೊಮ್ಮೆ ಕಟ್ಟಿ ಜೀವ ತುಂಬುವ ಮಧ್ಯಮಾರ್ಗವೂ ಈಗ ಚಾಲ್ತಿಯಲ್ಲಿದೆ. ಅದರಲ್ಲಿ ಇನ್ನೊಂದು ಕಿರಿಕಿರಿ. ‘ಮುಂದುವರಿಯಿರಿ’ ಎಂಬ ಗುಂಡಿ ಕಣ್ಣಿಗೆ ಕಾಣುತ್ತದೆ, ಸ್ಕ್ರಿಪ್ಟ್ ಓಡಿ ಮುಗಿಯುವವರೆಗೆ ಎಷ್ಟು ಒತ್ತಿದರೂ ಮಿಸುಕುವುದಿಲ್ಲ. ತಾವೇ ಏನೋ ತಪ್ಪು ಮಾಡಿದೆವು ಎಂದು ಓದುಗರು ಅಂದುಕೊಳ್ಳುತ್ತಾರೆ.

ಯಾವ ತಾಣ ಯಾವ ಬಗೆಯದೆಂದು ನೀವೇ ನೋಡಬಹುದು. ಕಂಪ್ಯೂಟರಿನಲ್ಲಿ ಕನ್ನಡ ಸುದ್ದಿಯೊಂದನ್ನು ತೆರೆದು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ. ಸರ್ವರ್ ಕಳಿಸಿದ ಮೂಲ ಬರಹ ಕಾಣುತ್ತದೆ. ಅದರಲ್ಲಿ ಸುದ್ದಿಯ ಕನ್ನಡ ಸಾಲುಗಳು ಸಿಕ್ಕರೆ ಪುಟ ಸಿದ್ಧವಾಗಿಯೇ ಬಂದಿದೆ. ‘ರೂಟ್’ ಎಂಬ ಹೆಸರಿನ ಒಂದು ಖಾಲಿ ಡಬ್ಬಿ, ಕೆಳಗೆ ಸ್ಕ್ರಿಪ್ಟುಗಳ ಸಾಲು ಮಾತ್ರ ಸಿಕ್ಕರೆ ಆ ಬರಹ ನಿಮ್ಮ ಯಂತ್ರ ಕಟ್ಟಿದ್ದು. ಇದರಲ್ಲಿ ಕನ್ನಡಕ್ಕೊಂದು ದೀರ್ಘಕಾಲದ ನಷ್ಟವೂ ಇದೆ. ಇಂಟರ್‌ನೆಟ್ ಆರ್ಕೈವ್‌ನಂಥ ಸಂಸ್ಥೆಗಳು ಜಗತ್ತಿನ ಪುಟಗಳನ್ನು ಸಂಗ್ರಹಿಸಿಡುವಾಗ, ಖಾಲಿ ಡಬ್ಬಿಯಾಗಿ ಬಂದ ಪುಟ ಎಷ್ಟೋ ಸಲ ಖಾಲಿ ಡಬ್ಬಿಯಾಗಿಯೇ ಉಳಿಯುತ್ತದೆ. ಸ್ಕ್ರಿಪ್ಟ್ ಓಡಿಸದ ಹುಡುಕು ಯಂತ್ರಗಳಿಗೂ ಅಲ್ಲಿ ಏನೂ ಕಾಣದು. ತಾಣ ಮುಚ್ಚಿದ ದಿನ ಆ ಬರಹವೂ ಹೋಯಿತು.

ನಂಬಿಕೆ ಯಾರ ಮೇಲೆ

ಕೆಲಸ ಎಲ್ಲಾದರೂ ನಡೆಯಲಿ, ತೀರ್ಮಾನ ಸರ್ವರಿನದೇ ಆಗಬೇಕು. ಬ್ರೌಸರ್ ಬಳಕೆದಾರರ ಕೈಯಲ್ಲಿದೆ, ಅದರೊಳಗಿನ ಏನನ್ನಾದರೂ ಅವರು ಬದಲಾಯಿಸಬಲ್ಲರು. ಶುಲ್ಕದ ಮೊತ್ತವನ್ನು ಅರ್ಜಿಯೊಳಗೆ ಅಡಗಿಸಿಟ್ಟು ಅದನ್ನೇ ನಂಬಿಕೊಂಡ ತಾಣದಲ್ಲಿ, ಡೆವಲಪರ್ ಟೂಲ್ಸ್ ತೆರೆದು 500ನ್ನು 5 ಮಾಡಲು ಅರ್ಧ ನಿಮಿಷ ಸಾಕು. ಬ್ರೌಸರಿನಲ್ಲಿ ಮಾಡುವ ತಪಾಸಣೆ ಬಳಕೆದಾರರ ಅನುಕೂಲಕ್ಕೆ, ಸರ್ವರಿನಲ್ಲಿ ಮಾಡುವುದು ಭದ್ರತೆಗೆ. ಎರಡೂ ಬೇಕು, ಎರಡೂ ಒಂದೇ ಲೆಕ್ಕ ಹಿಡಿಯಬೇಕು.

ಕನ್ನಡದಲ್ಲಿ ಈ ಲೆಕ್ಕ ತಪ್ಪುವುದು ಬಹಳ ಸುಲಭ. ‘ಕೃಷ್ಣಮೂರ್ತಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ವ್ಯಂಜನ, ಗುಣಿತ, ಹಲಂತ ಎಲ್ಲವೂ ಬೇರೆ ಬೇರೆಯಾದ್ದರಿಂದ ಜಾವಾಸ್ಕ್ರಿಪ್ಟ್ ಅದರ ಉದ್ದವನ್ನು 11 ಎನ್ನುತ್ತದೆ. ಸರ್ವರಿನಲ್ಲಿ ಪಿಎಚ್‌ಪಿಯ ಸಾಮಾನ್ಯ ಎಣಿಕೆ ಬೈಟುಗಳದ್ದು, ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟು, ಹಾಗಾಗಿ ಅದು 33 ಎನ್ನುತ್ತದೆ. ಬ್ರೌಸರ್ 20ರ ಮಿತಿ ಇಟ್ಟು ‘ಸರಿಯಿದೆ’ ಎಂದು ಒಳಗೆ ಬಿಟ್ಟ ಹೆಸರನ್ನು ಸರ್ವರ್ 20 ಬೈಟಿಗೆ ಕತ್ತರಿಸಿದರೆ ‘ಕೃಷ್ಣಮ’ ಉಳಿದು, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ವಜ್ರವೊಂದು ಅಂಟಿಕೊಳ್ಳುತ್ತದೆ. ಇಂಗ್ಲಿಷ್ ಹೆಸರು ಹಾಕಿ ಪರೀಕ್ಷಿಸಿದವರಿಗೆ ಈ ದೋಷ ಎಂದೂ ಕಾಣುವುದಿಲ್ಲ, ಅಲ್ಲಿ ಮೂರೂ ಎಣಿಕೆ ಒಂದೇ. ಪ್ರಮಾಣಪತ್ರದಲ್ಲಿ ಅರ್ಧ ಹೆಸರು ಬಂದವರು ಮಾತ್ರ ಕಚೇರಿಗೆ ಅಲೆಯುತ್ತಾರೆ.

ಎರಡೂ ಕಡೆಯ ಕೆಲಸವನ್ನು ಹದವಾಗಿ ಹಂಚಿಕೊಂಡ ತಾಣ ನೋಡಬೇಕೆಂದರೆ ಕನ್ನಡ ವಿಕಿಪೀಡಿಯಕ್ಕೆ ಹೋಗಿ. 2003ರಲ್ಲಿ ಆರಂಭವಾದ ಈ ವಿಶ್ವಕೋಶದ ಪುಟಗಳನ್ನು ಮೀಡಿಯಾವಿಕಿ ಎಂಬ ಪಿಎಚ್‌ಪಿ ತಂತ್ರಾಂಶ ಸರ್ವರಿನಲ್ಲೇ ಸಿದ್ಧಪಡಿಸುತ್ತದೆ. ಬರೀ ಓದಲು ಬಂದವರಿಗೆ ಮೊದಲೇ ಮಾಡಿಟ್ಟ ಪ್ರತಿಯೇ ಸಿಗುತ್ತದೆ. ಕಂಪ್ಯೂಟರಿನಲ್ಲಿ ಹುಡುಕುವ ಜಾಗದ ಮೇಲೆ ಕ್ಲಿಕ್ ಮಾಡಿದರೆ ಕೀಲಿಮಣೆಯ ಗುರುತು ಮೂಡುತ್ತದೆ: ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕಗಪ, ಯಾವುದು ಬೇಕೋ ಆರಿಸಿಕೊಳ್ಳಿ. ಒಂದೊಂದು ಕೀಲಿಗೂ ತಕ್ಕ ಕನ್ನಡ ಅಕ್ಷರ ಮೂಡಿಸುವುದು ಬ್ರೌಸರಿನೊಳಗಿನ ಜಾವಾಸ್ಕ್ರಿಪ್ಟ್, ಅದು ಸರ್ವರನ್ನು ಕೇಳುತ್ತ ಕೂರುವುದಿಲ್ಲ. ಕನ್ನಡ ಕೀಲಿಮಣೆ ಇಲ್ಲದ ಊರಿನ ಸೈಬರ್ ಸೆಂಟರಿನಲ್ಲಿ ಕೂತವರೂ ಕನ್ನಡದಲ್ಲಿ ಬರೆಯಬಹುದು. ಆ ಸ್ಕ್ರಿಪ್ಟ್ ಬಾರದೆ ಹೋದರೂ ಲೇಖನ ಓದಲು ಅಡ್ಡಿಯಿಲ್ಲ. ಮೊದಲು ಓದು ಕೈಗೆ ಸಿಗಲಿ, ಸೌಕರ್ಯ ಅದರ ಮೇಲೆ ಸೇರಲಿ ಎಂಬ ಈ ಕ್ರಮವನ್ನು ಸ್ಟೀವ್ ಚಾಂಪಿಯನ್ 2003ರಲ್ಲೇ ವಿವರಿಸಿದ್ದರು.

‘ಜಾವಾಸ್ಕ್ರಿಪ್ಟ್ ಆಫ್ ಮಾಡಿಕೊಂಡವರು ಯಾರಿದ್ದಾರೆ’ ಎಂದು ಡೆವಲಪರುಗಳು ಕೇಳುವುದುಂಟು. ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗ 2013ರಲ್ಲಿ ತನ್ನ ತಾಣದಲ್ಲಿ ಇದನ್ನು ಅಳೆದು ನೋಡಿತ್ತು. ಸ್ಕ್ರಿಪ್ಟ್ ತಲುಪದವರು ಶೇ 1.1. ಒಟ್ಟು ಬಳಕೆದಾರರಲ್ಲಿ ಬೇಕೆಂದೇ ಆಫ್ ಮಾಡಿದವರು ಅಥವಾ ಜಾವಾಸ್ಕ್ರಿಪ್ಟ್ ಬಾರದ ಬ್ರೌಸರ್ ಬಳಸಿದವರು ಶೇ 0.2 ಮಾತ್ರ. ಉಳಿದ ಶೇ 0.9 ಜನರಿಗೆ ಸ್ಕ್ರಿಪ್ಟ್ ಬಾರದಿರಲು ಬೇರೆ ಕಾರಣಗಳಿದ್ದವು. ಸ್ಕ್ರಿಪ್ಟ್ ಇಳಿಯುವ ಮುನ್ನವೇ ಸಂಪರ್ಕ ಕಡಿದುಹೋಗುವುದು, ನಡುವಿನ ನೆಟ್‌ವರ್ಕ್ ಅದನ್ನು ತಡೆಯುವುದು ಯಾರಿಗೂ ಆಗಬಹುದಾದ ಸಂಗತಿ. ಬ್ರಿಟನ್ನಿನ ನೆಟ್‌ವರ್ಕಿನಲ್ಲೇ ಹೀಗಿದ್ದರೆ ಮಲೆನಾಡಿನ ಟವರಿನ ಕೆಳಗೆ ಇರುವವರ ಪಾಡು ಊಹಿಸಿಕೊಳ್ಳಬಹುದು.

ಇನ್ನು ಸರ್ವರಿನ ಪರ ಮಾತಾಡುವಾಗ ಅದರ ಮೇಲಿನ ಹೊರೆಯನ್ನೂ ನೋಡಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆಳಿಗ್ಗೆ ಸುಮಾರು 8 ಲಕ್ಷ ಮಕ್ಕಳು, ಅವರ ಅಪ್ಪ ಅಮ್ಮ, ಮೇಷ್ಟರು ಎಲ್ಲರೂ ಒಂದೇ ಗಳಿಗೆಯಲ್ಲಿ ನೋಂದಣಿ ಸಂಖ್ಯೆ ಒತ್ತುತ್ತಾರೆ. ಪ್ರತಿ ಸಲವೂ ಡೇಟಾಬೇಸ್ ಹುಡುಕಿ ಪುಟ ಹೆಣೆಯುವ ಸರ್ವರ್ ಅಷ್ಟು ಜನರ ಎದುರು ಕುಸಿಯುವುದು ಸಹಜ. ಇದಕ್ಕೆ ಬ್ರೌಸರ್ ತಂತ್ರ ಉತ್ತರವಾಗದು, ಅದೂ ಕೊನೆಗೆ ಅದೇ ಡೇಟಾಬೇಸಿಗೆ ಬಂದು ನಿಲ್ಲುತ್ತದೆ. ಒಬ್ಬ ವಿದ್ಯಾರ್ಥಿಯ ಅಂಕ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಆಗುವುದಿಲ್ಲ. ಹಾಗಾದ ಮೇಲೆ ಹಿಂದಿನ ರಾತ್ರಿಯೇ ಪ್ರತಿ ವಿದ್ಯಾರ್ಥಿಗೂ ಒಂದು ಪುಟ್ಟ ಪುಟ ಮಾಡಿಡಬಹುದು. ಇನ್ನೊಬ್ಬರ ಅಂಕ ಇಣುಕದಂತೆ, ಹುಟ್ಟಿದ ದಿನಾಂಕವನ್ನೂ ಬೆರೆಸಿ ಸುಲಭವಾಗಿ ಊಹಿಸಲಾಗದ ಕಡತದ ಹೆಸರು ಕೊಡಬಹುದು. ಪುಟಕ್ಕೆ 5 ಕೆಬಿ ಹಿಡಿದರೂ ಒಟ್ಟು 4 ಜಿಬಿ, ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುವಷ್ಟು. ಆ ಕಡತಗಳನ್ನು ದೇಶದ ಹಲವು ಊರುಗಳ ಸರ್ವರುಗಳಲ್ಲಿ ಹಂಚಿಟ್ಟರೆ ಲೆಕ್ಕ ಹಾಕುವ ಕೆಲಸವೇ ಉಳಿಯುವುದಿಲ್ಲ, ಎತ್ತಿ ಕೊಡುವುದಷ್ಟೇ. ಬರ್ನರ್ಸ್-ಲೀ ಕಾಲದ, ಕಡತ ಕಳಿಸುವ ಆ ಹಳೆಯ ವಿಧಾನ ಇಲ್ಲಿ ಎಲ್ಲ ಹೊಸ ತಂತ್ರಗಳಿಗಿಂತ ಮೇಲು.

ತಾಣ ಮಾಡಿಸಿಕೊಳ್ಳುವ ಇಲಾಖೆಗಳು, ಪತ್ರಿಕೆಗಳು, ಕಾಲೇಜುಗಳು, ಸಹಕಾರ ಸಂಘಗಳಲ್ಲಿ ನನ್ನದೊಂದು ಕೋರಿಕೆ. ಕಟ್ಟಿಕೊಡುವವರು ತಮ್ಮ ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದನ್ನು ನೋಡಿ ಒಪ್ಪಬೇಡಿ. ನಿಮ್ಮ ಕಚೇರಿಯಲ್ಲಿ ಅತ್ಯಂತ ಅಗ್ಗದ ಫೋನು ಯಾರ ಬಳಿ ಇದೆಯೋ ಅವರಿಂದ ಇಸಿದುಕೊಂಡು, ವೈಫೈ ಬಿಟ್ಟು, ಕನ್ನಡದಲ್ಲಿ ಹೆಸರು ತುಂಬಿ ನೋಡಿ. ಜಾವಾಸ್ಕ್ರಿಪ್ಟ್ ಆಫ್ ಮಾಡಿದಾಗಲೂ ಮುಖ್ಯ ಮಾಹಿತಿ ಕನ್ನಡದಲ್ಲಿ ಓದಲು ಸಿಗಬೇಕು ಎಂಬ ಒಂದು ಸಾಲನ್ನು ಟೆಂಡರಿನ ಕರಾರಿನಲ್ಲೇ ಬರೆಸಿ. ಕೊನೆಯ ಕಂತು ಕೊಡುವ ಮುನ್ನ ಅದನ್ನು ಪರೀಕ್ಷಿಸಿ.